ಮೇಣ ಇಲ್ಲದ ಮೇಣಕಾಪಡ

ಮೊನ್ನೆ ಚಿಕ್ಕೋಡಿ ಬಸ್‌ಸ್ಟ್ಯಾಂಡ್ ಎದುರಿನ ಅಂಗಡ್ಯಾಗ ನನ್ನ ಗೆಳತಿ ಸ್ನೇಹಾ ರೇನ್‌ಕೋಟ್ ತಗೊಳ್ಳಾಕತ್ತಿದ್ಲು. ಅಂಗಡಿಯಂವ ಪಾಕೀಟು ಹರಿದು, ಕೋಟು ಝಾಡಿಸಿ ಆಕಿ ಹೆಗಲಿಗೆ ಹಿಡಿದ. ಅಷ್ಟಕ್ಕ ಆ ವಾಸನಿ ಬಂದು ನನ್ನ ಮೂಗಿಗೆ ಬಡೀತು. ಹೊಸ ಚಪ್ಪಲಿ, ಹೊಸ ಪಾಟಿಚೀಲ, ಹೊಸ ಬಸ್ಸಿನ ಸೀಟು, ಮೂರನ್ನೂ ಮಿಕ್ಸರಿಗೆ ಹಾಕಿ ತಿರುವಿದ್ರ ಹೆಂಗಿರತೈತಿ, ಹಂಗ. ನಾ ಅಲ್ಲೇ ಸೀನಾಕ ಸುರು ಮಾಡಿದ್ನಿ. ಒಂದೊಂದ ಸೀನಿಗೆ ಮ್ಯಾಲ ತೂಗಹಾಕಿದ ಛತ್ರಿ ಒಂದೊಂದ ಬಿಚ್ಚಿಕೊಂಡ್ವು.

"ಹನ್ನೆರಡು ಸೀನು ಬಂದ್ವು ನೋಡು," ಅಂದ್ನಿ.

"ಮೂರು ಸಲ ಸೀನ್ಯಾಳ್ರಿ," ಅಂದ್ಲು ಸ್ನೇಹಾ ಅಂಗಡಿಯಂವಗ. "ಇಕಿ ಹನ್ನೆರಡು ಅಂದ್ರ ಮೂರು ಅಂತ ಹಿಡೀಬೇಕು."

ಸ್ನೇಹಾಗ ನಮ್ಮ ಮನೀ ಲೆಕ್ಕ ಗೊತ್ತೈತಿ. ನಾ ಐದನೇ ಕ್ಲಾಸಿನ್ಯಾಗ ಇದ್ದಾಗ, ಕಬ್ಬಿನ್ಯಾಗ ಹನ್ನೆರಡು ಫೂಟಿನ ಹಾವು ಐತಿ ಅಂತ ಒದರಿಕೋತ ಮನಿಗೆ ಓಡಿ ಬಂದಿದ್ನಿ. ಅಪ್ಪ ಬಡಿಗಿ ತಗೊಂಡು ಹೋಗಿ ನೋಡಿದ್ರ ಅದು ಒಡದ ನೀರಿನ ಪೈಪಿನ ತುಣುಕು. ಅಪ್ಪ ಅದನ್ನ ಅಳದ. ಸರಿಯಾಗಿ ಮೂರು ಫೂಟು. ಆವತ್ತಿನಿಂದ ಶಿರಗುಪ್ಪ್ಯಾಗ ನಮ್ಮ ಮನ್ಯಾಗ ಕಾಯ್ದೆ ಆತು, ರೂಪಾಲಿ ಏನ ಹೇಳಿದ್ರೂ ನಾಲ್ಕರಿಂದ ಭಾಗಿಸಬೇಕು. ನೀವೂ ಇದನ್ನ ಹಂಗ ಓದ್ರಿ, ನನಗೇನೂ ಸಿಟ್ಟಿಲ್ಲ. ಕಡೀಕ ಒಂದ ಮಾತು ಬಿಟ್ಟು. ಅದು ಬಂದಾಗ ಹೇಳ್ತೀನಿ.

ಆ ವಾಸನಿ ನನ್ನ ಎರಡು ವರ್ಷ ಹಿಂದಕ ಎಳಕೊಂಡು ಹೋತು, ನನ್ನ ಹತ್ತನೇ ಕ್ಲಾಸಿನ ಮಳಿಗಾಲಕ್ಕ.

ಆ ವರ್ಷ ಜೂನಿನ ಮಿರಗದ ಮಳಿಯೂ ನಮ್ಮಕ್ಕ ವೈಶಾಲಿ ಬಾಣಂತನವೂ ಒಂದ ವಾರದಾಗ ಬಂದ್ವು. ಅಕ್ಕನ್ನ ರಾಯಬಾಗಕ್ಕ ಕೊಟ್ಟಾರ. ಚೊಚ್ಚಲ ಹೆರಿಗಿ ಅಂತ ತವರಿಗೆ ಬಂದಿದ್ಲು. ಹೆಣ್ಣಕೂಸು ಹುಟ್ಟಿತು, ಚಿಮಿ ಅಂತ ಕರದ್ವಿ. ಹೆಸರಿಡೂ ದಿನ ಬ್ಯಾರೆ ಉದ್ದನ್ನ ಹೆಸರು ಇಟ್ರು, ಅದು ಆಧಾರ್ ಕಾರ್ಡಿಗೆ ಅಷ್ಟ. ಮಳಿ ಅಂದ್ರ ಎಂಥಾ ಮಳಿ. ಕೊಲ್ಲಾಪುರದ ಕಡೆ ಘಾಟಿನ್ಯಾಗ ಬಿದ್ದದ್ದು ಸಾಲದು ಅಂತ ನಮ್ಮ ಹಂಚಿನ ಮ್ಯಾಲೂ ಬಿತ್ತು. ಕೃಷ್ಣಾ ನದಿ ಏರಿ ಕಬ್ಬಿನ ಬುಡಕ್ಕ ಬಂದು ನಿಂತಿತು. ಕೂಸಿನ ಬಟ್ಟಿ ಒಣಗತಿದ್ದಿಲ್ಲ. ಪಡಸಾಲಿ ತುಂಬ ಹಗ್ಗ ಕಟ್ಟಿ ದುಪ್ಟಿ ತೂಗಹಾಕಿದ್ವಿ. ಟೀವಿ ನೋಡಬೇಕಂದ್ರ ನಾಲ್ಕು ದುಪ್ಟಿ ಸರಸಿ, ಐದನೇದ್ದರ ಸಂದ್ಯಾಗ ಕಣ್ಣ ಇಡಬೇಕಿತ್ತು. ಅಪ್ಪ ಒಂದಿನ ಟವೆಲ್ಲಂತ ಒಂದು ದುಪ್ಟಿಗೆ ಕೈ ಒರಸಿಕೊಂಡು, ಆಮ್ಯಾಲ ಮೂಸಿ ನೋಡಿ, ಸುಮ್ಮನ ಹೊರಗ ಹೋದ.

ಅದ ಹೊತ್ತಿಗೆ ಕಾಗವಾಡದಾಗ, ಮಳಿಗಂತ ಮುಂದ ಹಾಕಿದ್ದ ಪರಿಸರ ದಿನದ ಭಾಷಣ ಸ್ಪರ್ಧೆ ಇತ್ತು. ವಿಷಯ, ಪ್ಲಾಸ್ಟಿಕ್ ಮುಕ್ತ ಗ್ರಾಮ. ನಾ ಹೋದ್ನಿ. ಟೇಬಲ್ಲಿಗೆ ಹೆಂಗ ಗುದ್ದಿದ್ನಿ ಅಂದ್ರ ಅದರ ಮ್ಯಾಲಿನ ಪ್ಲಾಸ್ಟಿಕ್ ಹೂವಿನ ಕುಂಡ ಪರೀಕ್ಷಕರ ತೊಡಿಮ್ಯಾಲ ಬಿತ್ತು. ಪಹಿಲಾ ನಂಬರ್ ಬಂತು. ರೊಕ್ಕ ಹಾಕಿದ ಲಕೋಟಿ ಕೊಟ್ರು. ಆ ಲಕೋಟಿ ತಗೊಂಡು ಸೀದಾ ಬಜಾರಿಗೆ ಹೋಗಿ ನಾ ಏನ ತಂದ್ನಿ ಗೊತ್ತೈತೇನ್ರಿ? ಚಿಮಿ ಕೆಳಗ ಹಾಸಾಕ ಒಂದು ಮೇಣಕಾಪಡ, ಗುಲಾಬಿ ಬಣ್ಣದ್ದು, ಮ್ಯಾಲ ಕರಡಿಮರಿ ಚಿತ್ರ. ಅದರ ಕೂಡ ಒಂದು ಹಳದಿ ಬಾತುಕೋಳಿ, ಒತ್ತಿದ್ರ ಕುಂಯ್ ಅಂತಿತ್ತು.

ನಗಬ್ಯಾಡ್ರಿ. ನಾ ಪ್ಲಾಸ್ಟಿಕ್ ತಂದೀನಿ ಅಂತ ನನಗ ಅನಿಸಿದ್ದಿಲ್ಲ. ನಮ್ಮ ಗಡಿ ಕಡೆ ಕೂಸಿನ ಕೆಳಗ ಹಾಸೂದಕ್ಕ ಕನ್ನಡದವರೂ ಮರಾಠಿಯವರೂ ಮೇಣಕಾಪಡ ಅಂತೀವಿ. ಮೇಣದ ಬಟ್ಟಿ. ಹೆಸರಿನ್ಯಾಗ ಮೇಣ ಐತಿ, ಬಟ್ಟಿ ಐತಿ, ಪ್ಲಾಸ್ಟಿಕ್ ಎಲ್ಲೈತಿ?

ಮನ್ಯಾಗ ಅದನ್ನ ಬಿಚ್ಚಿದಾಗ ವಾಸನಿ ಹಿತ್ತಲತನಕ ಹೋತು.

"ಎಷ್ಟ ಮೆತ್ತಗೈತಿ ನೋಡವಾ," ಅಂತ ಅಕ್ಕ ಗಲ್ಲಕ್ಕ ಹಚಿಕೊಂಡ್ಲು.

ಆಯಿ, ಅಂದ್ರ ನಮ್ಮಪ್ಪನ ಅವ್ವ, ಕಣ್ಣ ಮುಚ್ಚಿ ಮೂಸಿದ್ಲು. ಆಕಿ ತವರು ಮಹಾರಾಷ್ಟ್ರದ ಕಡೆ, ಅರ್ಧ ಮಾತು ಅಲ್ಲೀದು. "ಅಗ, ಹೊಸಾ ವಾಸನಿ. ಹಿಂಗ ಬರಬೇಕು. ವಾಸನಿ ಇಲ್ಲಂದ್ರ ಹಳೇ ಮಾಲು ಕೊಟ್ಟಾನಂತ ತಿಳೀಬೇಕು."

"ಸ್ವಂತ ಗೆದ್ದದ್ದು," ಅಂದ್ನಿ ನಾ. "ಎರಡು ಸಾವಿರ ಮಂದಿ ಚಪ್ಪಾಳಿ ಹೊಡದ್ರು."

"ಐನೂರು," ಅಂದ್ಲು ಅವ್ವ, ರೊಟ್ಟಿ ಬಡಕೋತ, ತಲಿ ಎತ್ತದ.

ಆವತ್ತಿನಿಂದ ಆ ಮೇಣಕಾಪಡದ ಮ್ಯಾಲ ಚಿಮಿ ರಾಜ್ಯಭಾರ. ದಿನಾ ಮುಂಜಾನಿ ಆಯಿ ಕಾಲ ಚಾಚಿ ಕೂತು ಕೂಸಿಗೆ ಎಣ್ಣಿ ಹಚ್ಚತಿದ್ಲು. ನೆತ್ತಿಗೆ ಹರಳೆಣ್ಣಿ ಅಂತೂ ಅಂಗೈ ತುಂಬ. ಆ ತಲಿ ಒಗ್ಗರಣಿಗೆ ಇಟ್ಟ ಬದನಿಕಾಯಿ ಹಂಗ ಮಿಂಚತಿತ್ತು. ಎಣ್ಣಿ ಹಚ್ಚಿ, ಅದ ಹಾಸಿನ ಮ್ಯಾಲ ಅರ್ಧ ತಾಸು ಹಂಗ ಮಲಗಸೂದು, ಆಮ್ಯಾಲ ಸುಡು ಸುಡು ನೀರು. ಆ ಹಾಸಿಗೂ ಅದ ಸುಡು ನೀರು ಹಾಕಿ ಒರಸೂದು. ನಾ ಸಾಲಿಗೆ ಹೋಗೂ ಮುಂದ ದಿನಾ ಬಗ್ಗಿ ಆ ಹಾಸಿನ ವಾಸನಿ ಒಂದು ಸಲ ಎಳಕೊಂಡು ಹೋಗತಿದ್ನಿ. ನನ್ನ ಬಹುಮಾನದ ವಾಸನಿ ಅಲ್ಲೇನು.

ಎರಡೂವರಿ ತಿಂಗಳು ಹಿಂಗ ನಡೀತು. ಚಿಮಿ ಕೈಗೆ ಸಿಕ್ಕದ್ದನ್ನ ಬಾಯಿಗೆ ಇಡಾಕ ಕಲತ್ಲು. ಮೊದಲ ತನ್ನ ಮುಷ್ಟಿ, ಆಮ್ಯಾಲ ಮೇಣಕಾಪಡದ ಮೂಲಿ. ಚೀಪಿಕೋತ ಸುಮ್ಮನ ಇರತಿದ್ಲು. ಸುಮ್ಮನ ಇದ್ಲಂದ್ರ ಮನಿಮಂದಿಗೆಲ್ಲಾ ಆರಾಮ.

ಶ್ರಾವಣದಾಗ ಒಂದಿನ ಸಾಲ್ಯಾಗ ನಾ ಕಂಪಾಸ್ ಪೆಟ್ಟಿಗಿ ತಗದ್ನಿ. ಸೂಟಿಗಿಂತ ಮೊದಲಿಂದ ಚೀಲದ ತಳದಾಗ ಬಿದ್ದಿತ್ತು. ನೋಡಿದ್ರ, ಬರದದ್ದು ಅಳಸೂ ಬಿಳೀ ಖೋಡರಬ್ಬರು ನನ್ನ ಪ್ಲಾಸ್ಟಿಕ್ ಅಳತಿ ಪಟ್ಟಿಗೆ ಮೆತ್ತಿಕೊಂಡೈತಿ. ಎಳದ್ರ ಬರಲಿಲ್ಲ. ಎರಡೂ ಕೈಲೆ ಎಳದ್ನಿ, ಬಾಯಿಲೆ ಎಳದ್ನಿ. ಕಿತ್ತು ಬಂದಾಗ ಪಟ್ಟಿಯೊಳಗ ಗುಳಿ ಬಿದ್ದಿತ್ತು. ಏಳು, ಎಂಟು, ಒಂಬತ್ತು ಸೆಂಟಿಮೀಟರು ಕರಗಿ ಹೋಗಿದ್ವು.

"ಏನ ಗದ್ದಲ ಅಲ್ಲಿ?" ಅಂದ್ರು ವಿಜ್ಞಾನದ ಅಕ್ಕೋರು.

"ನನ್ನ ರಬ್ಬರು ನನ್ನ ಪಟ್ಟಿನ್ನ ತಿಂದೈತ್ರಿ, ಅಕ್ಕೋರ. ಮೂರು ಸೆಂಟಿಮೀಟರ್. ನಾಳೆ ನನ್ನ ಗಣಿತದಾಗೂ ಇಷ್ಟ ಕಮ್ಮಿ ಬಂದ್ರ ಇದ ಕಾರಣ ಅಂತ ಬರಕೋರ್ರಿ."

ಕ್ಲಾಸು ನಕ್ಕಿತು. ಅಕ್ಕೋರು ಎರಡನ್ನೂ ಇಸಕೊಂಡು ನೋಡಿದ್ರು, ಅವರು ನಗಲಿಲ್ಲ. "ಇದು ಖರೇನ ತಿಂದೈತಿ," ಅಂದ್ರು. "ನಿಮ್ಮ ಹೊಲದಾಗ ನೀರಿನ ಪಿವಿಸಿ ಪೈಪ್ ಐತಲ್ಲ, ಕಲ್ಲಿನಂಗ ಗಟ್ಟಿ. ಇಂಥಾ ಮೆತ್ತನ್ನ ರಬ್ಬರು ಹುಟ್ಟಿನಿಂದ ಅದ. ಎರಡೂ ಒಂದ ಪ್ಲಾಸ್ಟಿಕ್ಕು."

"ಇದು ಮೆತ್ತಗೈತಲ್ರಿ?"

"ಮೆತ್ತಗ ಮಾಡ್ಯಾರ. ಕಣಕಕ್ಕ ಎಣ್ಣಿ ಹಾಕಿ ನಾದಿದಂಗ, ಇದಕ್ಕೂ ಒಂದು ನಮೂನಿ ಎಣ್ಣಿ ಹಾಕಿ ನಾದತಾರ. ಆದ್ರ ಆ ಎಣ್ಣಿ ಒಳಗ ಗಟ್ಟಿಯಾಗಿ ಕಟಿಕೊಂಡು ಕೂಡಂಗಿಲ್ಲ. ಮೆಲ್ಲಕ ಹೊರಗ ಬರತೈತಿ, ತನಗ ಹತ್ತಿದ್ದರೊಳಗ ಹೊಕ್ಕೋತೈತಿ. ಇಲ್ಲಿ ಪಟ್ಟಿಯೊಳಗ ಹೊಕ್ಕೈತಿ. ಬಿಸಿ ತಗಲಿದ್ರ, ಜಿಡ್ಡು ತಗಲಿದ್ರ, ಬಾಯಾಗ ಹಾಕಿ ಚೀಪಿದ್ರ, ಇನ್ನೂ ಲಗೂನ ಬರತೈತಿ."

ನಾ ಇನ್ನೂ ನಗಾಕತ್ತಿದ್ನಿ. ನಗು ಹಂಗ ಹಲ್ಲಿನ ಮ್ಯಾಲ ಕೂತಬಿಟ್ಟಿತು. ಬಿಸಿ. ಜಿಡ್ಡು. ಬಾಯಿ.

"ಅಕ್ಕೋರ, ಮೇಣಕಾಪಡದಾಗ ಇದು ಇರಂಗಿಲ್ಲಲ್ರಿ? ಅದು ಮೇಣದ್ದು."

ಇಡೀ ಕ್ಲಾಸು ಹೌದು ಹೌದು ಅಂತು. ಮೇಣದ್ದ, ಎಲ್ಲಾರಿಗೂ ಗೊತ್ತಿತ್ತು. ಅಕ್ಕೋರು ಮಾತ್ರ, "ಅದರ ವಾಸನಿ ಹೆಂಗೈತಿ?" ಅಂತ ಕೇಳಿದ್ರು.

ನಾ ಕಂಪಾಸ್ ಪೆಟ್ಟಿಗಿಗೆ ಮೂಗ ಇಟ್ನಿ. ಕರಡಿಮರಿ ವಾಸನಿ ಬಂತು. ಅದ ನನ್ನ ಬಹುಮಾನದ ವಾಸನಿ.

ಆವತ್ತು ನಾ ಆಮ್ಯಾಲ ಒಂದೂ ಚಾಷ್ಟಿ ಮಾಡಲಿಲ್ಲ. ಬಾಜೂಕ ಕೂತಾಕಿ ನನಗ ಜ್ವರ ಬಂದೈತೇನಂತ ಹಣಿ ಮುಟ್ಟಿ ನೋಡಿದ್ಲು. ಸಾಲಿ ಬಿಟ್ಟಮ್ಯಾಲ ಅಕ್ಕೋರ ಹಿಂದ ಹೋಗಿ, "ಕೂಸು ಸಾಯತೈತೇನ್ರಿ?" ಅಂತ ಕೇಳಿದ್ನಿ.

"ಹುಚ್ಚಿ," ಅಂದ್ರು. "ಹಂಗ ಎದಿ ಒಡಕೋಬ್ಯಾಡ. ಒಂದಿನ ಚೀಪಿದ್ರ ಏನೂ ಆಗಂಗಿಲ್ಲ. ಎಲ್ಲಾದ್ರಾಗೂ ಒಂದ ನಮೂನಿ ಎಣ್ಣಿ ಇರಂಗಿಲ್ಲ. ಆದ್ರ ಕೆಲವು ಎಣ್ಣಿ ಮೈಯಾಗಿನ ಹಾರ್ಮೋನಿಗೆ ಅಡ್ಡ ಬರತಾವಂತ ಎಷ್ಟೋ ದೇಶದಾಗ ಕೂಸಿನ ಆಟಗಿ ಸಾಮಾನದಾಗ ಅವನ್ನ ಹಾಕಾಕ ಬಿಡಂಗಿಲ್ಲ. ನೀ ತಂದದ್ದರಾಗ ಯಾವುದು ಐತಿ, ಬಜಾರಿನ ಪಾಕೀಟಿನ ಮ್ಯಾಲ ಬರದಿರತೈತೇನು? ಗೊತ್ತಿಲ್ಲದ್ದನ್ನ ಬೆಳಿಯೂ ಕೂಸಿನ ಬಾಯಾಗ ದಿನಾ ಯಾಕ ಇಡಬೇಕು? ಬಟ್ಟಿ ಐತಿ, ಉಣ್ಣಿ ಐತಿ, ಕಟಗಿ ಐತಿ. ಅವನ್ನ ಬಳಸಾಕ ಹೇಳು ಮನ್ಯಾಗ."

ಇಷ್ಟ ಹೇಳಿದ್ರ ಸಾಕಿತ್ತು ಮನ್ಯಾಗ. ನಾ ಇಷ್ಟ ಹೇಳ್ತೀನೇನು? ಹೊಸ್ತಿಲ ದಾಟೂದರಾಗ ಸುರು ಮಾಡಿದ್ನಿ. "ಚಿಮಿ ಪೈಪಿನ ಮ್ಯಾಲ ಮಲಗ್ಯಾಳ. ಅದರಾಗಿಂದ ವಿಷದ ಎಣ್ಣಿ ಕಾಲುವಿ ಹಂಗ ಹರಿಯಾಕತ್ತೈತಿ. ಅಮೇರಿಕಾದಾಗ ಇದನ್ನ ಇಟಗೊಂಡ್ರ ಜೈಲು."

ಅವ್ವ ಕಾಯಿಪಲ್ಯೆ ಹೆಚ್ಚಾಕತ್ತಿದ್ಲು. "ಪೂರಾ ಪೈಪೋ, ಕಾಲುಭಾಗ ಪೈಪೋ?" ಅಂತ ಕೇಳಿದ್ಲು.

"ಅವ್ವಾ, ಖರೇನ."

"ನಿನ್ನ ಹಾವೂ ಖರೇನ ಇತ್ತು."

ಆಯಿ ಸಮಾಧಾನದಿಂದ ತಿಳಿಸಿ ಹೇಳಿದ್ಲು. "ರೂಪೀ, ಅದು ಮೇಣಕಾಪಡ ಐತಿ ಗ. ಮೇಣ ಅಂದ್ರ ಜೇನಹುಳದ್ದು. ಜೇನಹುಳ ಕೂಸಿಗೆ ಏನ ಮಾಡತೈತಿ? ನಿಮ್ಮಪ್ಪನೂ ಮೇಣಕಾಪಡದ ಮ್ಯಾಲ ಬೆಳದಾನ, ಈಗ ಟ್ರ್ಯಾಕ್ಟರ್ ಎತ್ತೂಹಂಗ ಆಗ್ಯಾನ."

ಟ್ರ್ಯಾಕ್ಟರ್ ಎತ್ತೂದನ್ನ ಯಾರೂ ನಾಲ್ಕರಿಂದ ಭಾಗಿಸಲಿಲ್ಲ, ನೋಡ್ರಿ. ಆಯಿ ಹೇಳಿದ್ರ ನಡೀತೈತಿ.

ನನಗ ಹಟ ಬಂತು. ಮನಿಯೆಲ್ಲಾ ಮೂಸಿಕೋತ ತಿರಗಿದ್ನಿ, ಪೊಲೀಸ್ ನಾಯಿ ಹಂಗ. ಟೇಬಲ್ ಮ್ಯಾಲಿನ ಹೂವಿನ ಹೊದಿಕಿ, ಅದ ವಾಸನಿ. ಟೀವಿ ಮ್ಯಾಲಿಂದು, ಬಚ್ಚಲದ ಪಡದೆ, ಅಕ್ಕ ಮನಿಯೊಳಗ ಹಾಕೂ ಚಪ್ಪಲಿ, ಬಾತುಕೋಳಿ. ದೇವರ ಜಗಲಿ ಮ್ಯಾಲ ಹಾಸಿದ್ದೂ ಅದ. ದೇವರೂ ಪೈಪಿನ ಮ್ಯಾಲ ಕೂತಾರ ಅಂದ್ನಿ. ಅವ್ವ ಲಟ್ಟಣಿಗಿ ಎತ್ತಿದ್ಲು. ತೊಟ್ಟಲದ ಹತ್ರ ಬಂದ್ರ ಚಿಮಿ ಮೂಲಿ ಬಾಯಾಗ ಇಟಗೊಂಡು ಚೀಪಾಕತ್ತಾಳ, ಕಣ್ಣ ಅರ್ಧ ಮುಚ್ಚ್ಯಾವು, ಗದ್ದದಿಂದ ಜೊಲ್ಲು ಹರದೈತಿ. ನಾ ಕಸಗೊಂಡ್ನಿ. ಅಕಿ ಊರಿಗೆಲ್ಲಾ ಕೇಳೂಹಂಗ ಅತ್ಲು.

ಅಕ್ಕ ಮೈ ಉರದು, "ನೀನ ತಂದಿ, ನೀನ ಕಸಗೋತಿ. ಕೊಡು ಇಲ್ಲಿ," ಅಂತ ತಿರಗಿ ಕೂಸಿನ ಕೆಳಗ ಹಾಸಿದ್ಲು. ಚಿಮಿ ತಿರಗಿ ಮೂಲಿ ಹುಡಿಕಿದ್ಲು.

ಮಾತಿನಿಂದ ಆಗಂಗಿಲ್ಲ ಅಂತ ಗೊತ್ತಾತು. ಮರುದಿನ ಮುಂಜಾನಿ ಅವ್ವ ಹಾಸು ತೊಳದು, ಮಳಿ ಅಂತ ದನದ ಕೊಟ್ಟಿಗ್ಯಾಗ ಗೂಟಕ್ಕ ತೂಗಹಾಕಿದ್ಲು. ಗೂಟದ ಬಾಜೂಕ ನಮ್ಮ ಎಮ್ಮಿ ಸುಂದ್ರಿ. ನಾ ಹಾಸಿನ ಒಂದು ಮೂಲಿ ಕಚ್ಚಿ ಹರದು ಸುಂದ್ರಿ ಮುಂದಿನ ಮೇವಿನ ದ್ವಾಣ್ಯಾಗ ಒಗದ್ನಿ. ಉಳದದ್ದನ್ನ ಮಡಚಿ ಕಬ್ಬಿನ ಒಣ ಎಲಿ, ಆ ರವದಿ ಒಟ್ಟಿದ ರಾಶಿ ಒಳಗ ತುರಿಕಿದ್ನಿ. ಆಮ್ಯಾಲ ಪಡಸಾಲಿಗೆ ಬಂದು, ಇಷ್ಟ ಮಾರಿ ಮಾಡಿಕೊಂಡು, "ಸುಂದ್ರಿ ಮೇಣಕಾಪಡ ತಿಂದೈತಿ," ಅಂದ್ನಿ.

ನಾ ಅನಕೊಂಡದ್ದು, ಹೋತಂತ ಒಂದ ಸಲ ಬೈತಾರ, ಕೂಸಿನ ಕೆಳಗ ಬ್ಯಾರೆ ಏನರ ಹಾಸ್ತಾರ, ಮುಗೀತು.

ಅವ್ವನ ಕೈಯಾಗಿನ ತಾಟು ಕೆಳಗ ಬಿತ್ತು. ಅಪ್ಪ ಚಹಾ ಬಿಟ್ಟು ಎದ್ದ. "ಎಷ್ಟ ತಿಂದೈತಿ?"

"ಪೂರಾ."

"ನಾಲ್ಕರಿಂದ ಭಾಗಿಸಪ್ಪಾ," ಅಂದ್ಲು ಅಕ್ಕ ಒಳಗಿಂದ.

"ಕಾಲುಭಾಗ ತಿಂದ್ರೂ ಸಾಯತೈತಿ ಅದು," ಅಂದ ಅಪ್ಪ. ದ್ವಾಣ್ಯಾಗಿನ ತುಣುಕು ಕೈಯಾಗ ಹಿಡಕೊಂಡು ನೋಡಾಕತ್ತಿದ್ದ, ಯಾರದೋ ಸಾವಿನ ಸುದ್ದಿ ಬಂದ ಕಾಗದ ನೋಡಿದಂಗ.

ದನದ ಡಾಕ್ಟರು ಮಳ್ಯಾಗ ಗಾಡಿ ಹೊಡಕೊಂಡು ಬಂದ್ರು. ಸುಂದ್ರಿ ಹೊಟ್ಟಿಗೆ ಕಿವಿ ಹಚ್ಚಿ ಕೇಳಿದ್ರು. ಅದು ಆರಾಮ ಮೆಲಕು ಹಾಕಾಕತ್ತಿತ್ತು. "ಭಾರೀ ಧೈರ್ಯದ ಎಮ್ಮಿ ಐತ್ರಿ ನಿಮ್ಮದು," ಅಂದ್ರು. "ಈಗ ಮೇವು ಬಂದ್ ಮಾಡ್ರಿ, ನೀರಷ್ಟ ಇಡ್ರಿ. ನಾಳೆ ಮುಂಜಾನಿ ಬರ್ತೀನಿ. ಹೊಟ್ಟಿ ಉಬ್ಬಿದ್ರ ಎಡಗಡೆ ಕೊಯ್ದು ತಗೀಬೇಕಾಗತೈತಿ."

ಕೊಯ್ಯೂದು ಅಂದಾಗ ನಾ ರವದಿ ರಾಶಿ ಕಡೆ ನೋಡಿದ್ನಿ.

ಆವತ್ತು ಹಗಲೆಲ್ಲಾ ಸುಂದ್ರಿ ಒದರಿತು. ಹಸಗೊಂಡ ಎಮ್ಮಿ ಒದರೂದು ಏನಂತ ನಿಮಗ ಗೊತ್ತಿಲ್ಲ, ಆ ಸಪ್ಪಳ ಅಥಣಿತನಕ ಹೋಗಿರಬೇಕು. ಅವ್ವ ಅದರ ಕೊಳ್ಳಿಗೆ ಬಿದ್ದು ಅತ್ಲು. ಬಾಜೂ ಮನಿಯವರು ಮಾತಾಡಸಾಕ ಬಂದ್ರು, ಬಂದವರಿಗೆ ನಾ ಚಹಾ ಕೊಟ್ನಿ. ಎಲ್ಲಾರೂ ಒಂದ ಮಾತು ಹೇಳಿದ್ರು, ಪ್ಲಾಸ್ಟಿಕ್ ಭಾಳ ಕೆಟ್ಟದ್ದು, ಹೊಟ್ಟಿಗೆ ಹೋದ್ರ ಮುಗೀತು. ಒಬ್ಬರೂ ಅದನ್ನ ಮೇಣ ಅನ್ನಲಿಲ್ಲ. ಎಮ್ಮಿ ಬಾಯಿಗೆ ಹೋಗೂದರಾಗ ಅದು ಪ್ಲಾಸ್ಟಿಕ್ ಆಗಿತ್ತು. ಕೂಸಿನ ಬಾಯಾಗ ಇದ್ದಾಗ ಮೇಣ ಇತ್ತು.

ಮರುದಿನ ಮುಂಜಾನಿ ಡಾಕ್ಟರು ಬಂದ್ರು. ಚೀಲದಾಗ ಏನೇನೋ ಖಣಖಣ ಅಂತಿತ್ತು. ಸುಂದ್ರಿ ಹೊಟ್ಟಿ ಉಬ್ಬಿದ್ದಿಲ್ಲ, ಒಳಗ ಹೋಗಿತ್ತು, ಹಸವಿಗೆ. ಅಪ್ಪ ಹಗ್ಗ ಹಿಡದು ನಿಂತಿದ್ದ, ಸುಂದ್ರಿ ಹಣಿ ಸವರಿಕೋತ.

ನಾ ರವದಿ ರಾಶಿಗೆ ಹೋಗಿ ಕೈ ತುರಿಕಿ ಹಾಸು ಎಳಕೊಂಡು ಬಂದು ಎಲ್ಲಾರ ಮುಂದ ಇಟ್ನಿ.

ಸುಂದ್ರಿ ಒಮ್ಮೆ ಉಸರ ಬಿಟ್ಟಿತು.

"ತಿಂದಿಲ್ಲ," ಅಂದ್ನಿ. "ನಾನ ಮುಚ್ಚಿಟ್ಟಿದ್ನಿ."

ಅವ್ವ ಕಸಬರಗಿ ಎಲ್ಲೈತಂತ ನೋಡಾಕತ್ತಿದ್ಲು. ಡಾಕ್ಟರು ಚೀಲ ಮುಚ್ಚಿದ್ರು. ಅಪ್ಪ ನನ್ನ ಕಡೆ ಒಂದು ಹೆಜ್ಜಿ ಬಂದ. ನಾ ಭಾಳ ಸಣ್ಣ ದನಿಲೆ ಹೇಳಿದ್ನಿ.

"ಕಾಲುಭಾಗ ತಿಂದ್ರೂ ಎಮ್ಮಿ ಸಾಯತೈತಿ ಅಂದಿ ನೀ. ಚಿಮಿ ದಿನಾ ಚೀಪತಾಳ ಅಂದಾಗ ನೀವೆಲ್ಲಾರೂ ನಾಲ್ಕರಿಂದ ಭಾಗಿಸಿದ್ರಿ."

ಅಪ್ಪ ಅಲ್ಲೇ ನಿಂತ.

ಆಗ ಆಯಿ ಕಟ್ಟಿ ಮ್ಯಾಲಿಂದ ಇಳದು ಬಂದ್ಲು. ಹಾಸನ್ನ ತೊಡಿಮ್ಯಾಲ ಹರವಿಕೊಂಡು, ಉಗರ ಇಟ್ಟು ಕೆರದ್ಲು. ಉಗರ ನೋಡಿಕೊಂಡ್ಲು. ಮತ್ತ ಕೆರದ್ಲು. "ಮೇಣ ಇದ್ರ ಉಗರಾಗ ಬರಬೇಕಿತ್ತು," ಅಂದ್ಲು. "ನಾವು ಸಣ್ಣವರಿದ್ದಾಗ ನಮ್ಮ ತವರಾಗ ಕೋರಾ ಬಟ್ಟಿಗೆ ಮೇಣ ಕಾಸಿ ಸವರತಿದ್ರು. ಅದಕ್ಕ ಮೇಣಕಾಪಡ ಅಂತಿದ್ರು. ಅದು ಯಾವಾಗ ಹೋತೋ ಹೋತು. ಹೆಸರಷ್ಟ ಉಳೀತು."

ಹಂಗ ಹೇಳಿಕೋತ ಆಯಿ ಅಂಗೈಲೆ ಹಾಸನ್ನ ಸವರಾಕತ್ತಿದ್ಲು. ನಡಬರಕ ಒಂದ ಕಡೆ ಆಕಿ ಕೈ ನಿಂತಿತು. ಒತ್ತಿದ್ಲು. ಪರ್ ಅಂತ ಸಪ್ಪಳ ಆತು, ಹಪ್ಪಳ ಮುರದಂಗ.

"ಇಲ್ಲಿ ಮುಟ್ಟು," ಅಂದ್ಲು ಅಪ್ಪಗ.

ಅಪ್ಪ ಮುಟ್ಟಿದ. ಅವ್ವ ಮುಟ್ಟಿದ್ಲು. ಅಕ್ಕ ಕೂಸನ್ನ ಹೆಗಲಿಗೆ ಹಾಕಿಕೊಂಡು ಬಂದು ಮುಟ್ಟಿದ್ಲು. ಅಂಚೆಲ್ಲಾ ಮೊದಲಿನಂಗ ಮೆತ್ತಗಿತ್ತು. ನಡುವ ಒಂದು ದುಂಡನ್ನ ಜಾಗ ಮಾತ್ರ ಗಟ್ಟಿ, ಹಳದಿ ತಿರಗಿತ್ತು, ಕರಡಿಮರಿ ಮಾರಿ ಸೀಳಿತ್ತು. ದಿನಾ ಎಣ್ಣಿ ತಲಿ ಇಡೂ ಜಾಗ ಅದು.

ಡಾಕ್ಟರೂ ಬಗ್ಗಿ ಬೆರಳಲೆ ಬಡದು ನೋಡಿದ್ರು. "ಪೈಪಿನಂಗ ಆಗೇತಲ್ರಿ ಇದು," ಅಂದ್ರು.

"ಮೆತ್ತಗಿದ್ದದ್ದು ಎಲ್ಲಿ ಹೋತು?" ಅಂತ ಕೇಳಿದ್ಲು ಆಯಿ.

ಎಲ್ಲಾರೂ ಚಿಮಿನ್ನ ನೋಡಿದ್ರು. ಅಕಿ ಅಕ್ಕನ ಹೆಗಲ ಮ್ಯಾಲಿಂದ ನನ್ನ ಕಡೆ ನೋಡಿ ನಕ್ಕಳು, ತಲಿ ಹರಳೆಣ್ಣಿಲೆ ಮಿಂಚಾಕತ್ತಿತ್ತು. ಅಕ್ಕ ಸೆರಗಲೆ ಆ ತಲಿ ಒರಸಾಕ ಸುರು ಮಾಡಿದ್ಲು. ಒರಸಿದ್ಲು, ಒರಸಿದ್ಲು, ಅವ್ವ ಕೈ ಹಿಡದು ಸಾಕು ಅನ್ನೂತನಕ. ಆಮ್ಯಾಲ ಆ ಕಡೆ ಹೊಳ್ಳಿ ಅತ್ಲು. ನಾ ತಂದದ್ದು ಅಂತ ಅಕ್ಕ ಒಂದು ಮಾತೂ ಅನ್ನಲಿಲ್ಲ. ಅಂದಿದ್ರ ಆರಾಮ ಆಗತಿತ್ತು.

ಆವತ್ತ ಮಧ್ಯಾಹ್ನ ಆಯಿ ಟ್ರಂಕಿನ್ಯಾಗಿಂದ ಅಜ್ಜನ ಕರೀ ಕಂಬಳಿ ತಗದ್ಲು. ಅಜ್ಜ ಇದನ್ನ ಹೊತ್ತುಕೊಂಡು ಹೊಲದಾಗ ಮಳ್ಯಾಗ ನಿಂದರತಿದ್ದ, ಒಳ ಅಂಗಿ ತೊಯ್ಯತಿದ್ದಿಲ್ಲ ಅಂದ್ಲು. ಮ್ಯಾಲಿಂದ ಮಳಿನೀರು ಒಳಗ ಬಿಡದ ಉಣ್ಣಿ, ಕೂಸಿಂದ ಯಾಕ ಬಿಡತೈತಿ? ಕಂಬಳಿ ನಾಲ್ಕು ಮಡಿಕಿ ಕೆಳಗ, ಅದು ಚುಚ್ಚತೈತಂತ ಮ್ಯಾಲ ಹಳೇ ಸೀರಿ ಕೌದಿ. ಚಿಮಿ ಹಾಸಿಗಿ ಮುಗೀತು. ಅಪ್ಪ ಒಂದು ಕಟಗಿ ಗಿಲಕಿ ತಂದ, ಬಣ್ಣ ಹಚ್ಚಲಾರದ್ದು. ಬಾತುಕೋಳಿ ಹೋತು. ಟೇಬಲ್ಲಿಗೆ ಹತ್ತಿ ಬಟ್ಟಿ ಬಂತು, ದೇವರು ತಾಮ್ರದ ತಾಟಿನ ಮ್ಯಾಲ ಕೂತ್ರು. ಟೀವಿ ಮ್ಯಾಲಿಂದನ್ನ ಅವ್ವ ಬಿಡಲಿಲ್ಲ, "ಟೀವಿನ್ನ ಯಾರ ಚೀಪತಾರ?" ಅಂದ್ಲು. ಖರೇನ. ನಾ ಸುಮ್ಮನಾದ್ನಿ.

ಕಂಬಳಿ ಏನ ದೇವಲೋಕದಿಂದ ಬಂದದ್ದಲ್ಲ. ಚಿಮಿ ಉಚ್ಚಿ ಹೊಯ್ದಾಗ ಪಡಸಾಲ್ಯಾಗ ನಲವತ್ತು ಕುರಿ ತೊಯಿಸಿಕೊಂಡು ಬಂದು ನಿಂತಂಗ ವಾಸನಿ ಬರತಿತ್ತು. ಕೌದಿ ದಿನಾ ಮೂರು ತೊಯ್ಯತಿದ್ವು. ಮೊದಲಿಂದನ್ನ ಒರಸಿದ್ರ ಸಾಕಿತ್ತು, ಇವನ್ನ ಒಗೀಬೇಕು, ಹಿಂಡಬೇಕು, ಒಲಿ ಮ್ಯಾಲ ಹಿಡದು ಒಣಗಸಬೇಕು.

"ಯಾರ ಒಗೀಬೇಕು ಇವನ್ನ?" ಅಂತ ಅವ್ವ ಕೇಳಿದ್ಲು. ಎಲ್ಲಾರೂ ನನ್ನ ನೋಡಿದ್ರು. ಎಮ್ಮಿ ಸುದ್ಧಾ.

ಗಣಪತಿ ಹಬ್ಬ ಮುಗದು ಅಕ್ಕ ಗಂಡನ ಮನಿಗೆ ಹೋಗೂತನಕ ನಾನ ಒಗದ್ನಿ. ಸಾಲಿಗೆ ಹೋಗೂ ಮುಂದ ಎರಡು, ಬಂದಮ್ಯಾಲ ಒಂದು. ನನ್ನ ಕೈ ತೊಳದ ಅಕ್ಕಿ ಹಂಗ ಬೆಳ್ಳಗ ಸುಕ್ಕಾಗಿದ್ವು. ಅಕ್ಕ ರಾಯಬಾಗಕ್ಕ ಹೋಗೂ ದಿನ ಕಂಬಳಿ ತನ್ನ ಕೂಡ ಒಯ್ದಳು. ಅಲ್ಲಿ ಅವರತ್ತಿ, "ಮೇಣಕಾಪಡ ಇಲ್ಲೇನ?" ಅಂತ ಕೇಳಿದ್ರಂತ. "ಇದ ಐತ್ರಿ," ಅಂತ ಕಂಬಳಿ ತೋರಿಸಿದಳಂತ.

ಸ್ನೇಹಾ ಆ ರೇನ್‌ಕೋಟ್ ತಗೊಳ್ಳಲಿಲ್ಲ. ನಾ ಅಂಗಡ್ಯಾಗ ಇದನ್ನೆಲ್ಲಾ ಹೇಳಿದ್ನಿ, ಸುಂದ್ರಿ ಒದರೂದನ್ನ ಮಾಡಿಯೂ ತೋರಿಸಿದ್ನಿ. ಅಂಗಡಿಯಂವ ಕಡೀಕ ಅದರ ಬದಲಿ ಒಂದು ಛತ್ರಿ ಕೊಟ್ಟು ನಮ್ಮನ್ನ ಸಾಗಹಾಕಿದ.

ಆ ಐತವಾರ ಊರಿಗೆ ಹೋದ್ನಿ. ಅಕ್ಕನೂ ಬಂದಿದ್ಲು. ಚಿಮಿಗೆ ಈಗ ಎರಡು ವರ್ಷ, ಓಡತಾಳ, ಸುಳ್ಳೂ ಹೇಳತಾಳ, ನನ್ನಂಗ ಆಗ್ಯಾಳ ಅಂತ ಅವ್ವ ಅಂಜ್ಯಾಳ. ಮೈಯಾಗ ಆರಾಮ ಅದಾಳ. ನಾ ಅಟ್ಟ ಹತ್ತಿದ್ನಿ. ಆಯಿ ಆ ಹಾಸನ್ನ ಹೊರಗ ಚೆಲ್ಲಗೊಟ್ಟಿದ್ದಿಲ್ಲ, ಸುಡಗೊಟ್ಟಿದ್ದಿಲ್ಲ, ಸುಟ್ರ ಇನ್ನೂ ಕೆಟ್ಟ ಹೊಗಿ ಅಂತ ಅಕ್ಕೋರು ಹೇಳಿದ್ರು. ಚೀಲದಾಗ ಹಾಕಿ ಅಟ್ಟದ ಮೂಲ್ಯಾಗ ಇಟ್ಟಿದ್ಲು. ಕೆಳಗ ತಂದು ಪಡಸಾಲ್ಯಾಗ ಬಿಚ್ಚಿದ್ನಿ. ವಾಸನಿ ಇನ್ನೂ ಇತ್ತು.

ಚಿಮಿ ಕರಡಿಮರಿ ನೋಡಿ ಓಡಿ ಬಂದು ಅದರ ಮ್ಯಾಲ ಕೂಡಾಕ ಹೋದ್ಲು. ನಾ ಎತ್ತಿ ಸರಸಿದ್ನಿ.

"ಯಾಕ, ಮಾವಶಿ?"

"ಅದು ನಿನ್ನದಲ್ಲವಾ."

ಅಕಿ ಗಿಲಕಿ ಹುಡಕಾಕ ಹೋದ್ಲು. ನಾ ಆ ಗಟ್ಟಿ ಜಾಗದ ಮ್ಯಾಲ ನನ್ನ ಅಂಗೈ ಇಟ್ಟು ನೋಡಿದ್ನಿ. ಸುತ್ತೂ ಕಡೆ ಸರಿಯಾಗಿ ಕೂತಿತು, ಮೂರು ತಿಂಗಳ ಕೂಸಿನ ತಲಿ ಹಿಂದಿನ ಅಷ್ಟ. ಮೊದಲ ಹೇಳಿದ್ನಲ್ಲ, ಒಂದ ಮಾತು ಬಿಟ್ಟು ಅಂತ. ಇದ ಅದು. ಒಂದು ಅಂಗೈ. ಇದನ್ನ ಭಾಗಿಸಬ್ಯಾಡ್ರಿ.